ವಂಶಾಗತ ರೋಗವೂ ಆಹಾರ ಸಂಯಮವೂ



"ತಂದೆಗೆ ಹೃದ್ರೋಗವಿತ್ತು, ಮಗನಿಗೂ ಬಂದೇ ಬರುತ್ತದೆ, ಕರ್ಮವನ್ನು ತಪ್ಪಿಸಲಾದೀತೇ?" ಎಂಬ ಮಾತು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಜಿನಧರ್ಮವು ಈ ನಿರಾಶೆಯನ್ನು ಒಪ್ಪುವುದಿಲ್ಲ. ಕಟ್ಟಿದ ಕರ್ಮವು ದ್ರವ್ಯ, ಕ್ಷೇತ್ರ, ಕಾಲ, ಭಾವಗಳೆಂಬ ನಿಮಿತ್ತಗಳನ್ನು ಅನುಸರಿಸಿ ಉದಯಕ್ಕೆ ಬರುತ್ತದೆ; ಪುರುಷಾರ್ಥದಿಂದ ಅದರ ಬಲವು ಕುಗ್ಗಬಲ್ಲದು ಎಂದು ಆಚಾರ್ಯರು ಬೋಧಿಸಿದ್ದಾರೆ. ಆಲೂರಿಗೆ ಬಹುದೂರವಲ್ಲದ, ಗುಂತಕಲ್ಲಿನ ಬಳಿಯ ಕೊನಕೊಂಡ್ಲವನ್ನು ಕುಂದಕುಂದಾಚಾರ್ಯರ ಊರೆಂದು ಪರಂಪರೆ ಹೇಳುತ್ತದೆ. ಅಂತಹ ನೆಲದಲ್ಲಿ ಬಾಳುವವರು ಕರ್ಮವನ್ನು ಹಣೆಬರಹವೆಂದು ಬಗೆದು ಕೈಕಟ್ಟಿ ಕುಳಿತುಕೊಳ್ಳುವುದು ಸಲ್ಲದು.

ದೇಹದ ವಿಷಯದಲ್ಲಿ ಇಂದಿನ ವಿಜ್ಞಾನವೂ ಇದನ್ನು ಹೋಲುವ ಮಾತನ್ನೇ ಹೇಳುತ್ತಿದೆ. ವಂಶವಾಹಿಯೇ ಕರ್ಮವೆಂದಲ್ಲ, ಇದು ಹೋಲಿಕೆ ಮಾತ್ರ. ಮನುಷ್ಯನಲ್ಲಿ ಸುಮಾರು 20,000 ವಂಶವಾಹಿಗಳಿವೆ. ಅವೆಲ್ಲವೂ ಸದಾಕಾಲ ಕೆಲಸ ಮಾಡುವುದಿಲ್ಲ. ಯಾವುದು ಯಾವಾಗ ಎಷ್ಟು ಚುರುಕಾಗಬೇಕೆಂಬುದರಲ್ಲಿ ಆಹಾರಕ್ಕೂ ಪಾಲುಂಟು.

ಬೇಳೆಕಾಳು, ಮೆಂತ್ಯಗಳಲ್ಲಿ ನೀರಿನಲ್ಲಿ ಲೋಳೆಯಾಗುವ ನಾರಿನ ಅಂಶವಿದೆ. ಅದು ಕರುಳಿನಲ್ಲಿ ಪಿತ್ತರಸದ ಅಂಶವನ್ನು ಹಿಡಿದು ಹೊರಸಾಗಿಸುತ್ತದೆ. ಹೊಸ ಪಿತ್ತರಸವನ್ನು ತಯಾರಿಸಲು ಯಕೃತ್ತಿಗೆ ಕೊಲೆಸ್ಟರಾಲ್ ಬೇಕು. ಆಗ ಅಲ್ಲಿನ ಒಂದು ವಂಶವಾಹಿ ಚುರುಕುಗೊಂಡು, ರಕ್ತದಲ್ಲಿನ ಕೆಟ್ಟ ಕೊಲೆಸ್ಟರಾಲನ್ನು ಒಳಗೆಳೆದುಕೊಳ್ಳುವ ಗ್ರಾಹಕಗಳನ್ನು ಹೆಚ್ಚಾಗಿ ನಿರ್ಮಿಸುತ್ತದೆ. ಈ ಗ್ರಾಹಕಗಳನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಎಂಬ ವಿಜ್ಞಾನಿಗಳಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ 'ಇಂಟರ್‌ಹಾರ್ಟ್' ಎಂಬ ಅಧ್ಯಯನ ನಡೆಯಿತು. ಭಾರತ ಮತ್ತು ನೆರೆದೇಶಗಳವರಿಗೆ ಮೊದಲ ಹೃದಯಾಘಾತವು ಸುಮಾರು 53ನೆಯ ವಯಸ್ಸಿನಲ್ಲೇ, ಅಂದರೆ ಇತರರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆಂದು 2007ರಲ್ಲಿ ಅದರಿಂದ ತಿಳಿದುಬಂತು. 2011ರಲ್ಲಿ ಇನ್ನೊಂದು ಸಂಗತಿ ಪ್ರಕಟವಾಯಿತು. ಒಂಬತ್ತನೆಯ ವರ್ಣತಂತುವಿನಲ್ಲಿರುವ ಒಂದು ವ್ಯತ್ಯಾಸವು ಹೃದಯಾಘಾತದ ಸಂಭವವನ್ನು ಹೆಚ್ಚಿಸುತ್ತದೆ. ಆದರೆ ಹಸಿ ತರಕಾರಿ, ಹಣ್ಣುಗಳನ್ನು ಹೇರಳವಾಗಿ ಸೇವಿಸುವವರಲ್ಲಿ ಆ ವ್ಯತ್ಯಾಸದ ಪ್ರಭಾವ ಬಹಳ ಕುಗ್ಗಿತ್ತು. ಬೀಜವಿದ್ದರೂ ನಿಮಿತ್ತ ಒದಗಲಿಲ್ಲ!

ಹಾಗೆಂದು ಸಸ್ಯಾಹಾರಿಗಳು ನಿಶ್ಚಿಂತರಾಗಿರುವಂತಿಲ್ಲ. ಎಣ್ಣೆಯಲ್ಲಿ ಕರಿದ ಸೇವು, ವನಸ್ಪತಿಯಲ್ಲಿ ಬೆಂದ ಪೂರಿ, ಸಕ್ಕರೆ ತುಂಬಿದ ಮಿಠಾಯಿ ಇವೂ ಸಸ್ಯಾಹಾರವೇ. ದಿನವಿಡೀ ಅಂಗಡಿಯ ಗಾದಿಯ ಮೇಲೆ ಕುಳಿತು ಇವನ್ನೇ ಸೇವಿಸುವವನಿಗೆ ಸಸ್ಯಾಹಾರಿಯೆಂಬ ಹೆಸರು ರಕ್ಷೆಯಾಗದು. ಪರ್ವತಿಥಿಗಳಲ್ಲಿ ಹಸಿರನ್ನು ತ್ಯಜಿಸುವುದು ಜೀವದಯೆಯ ಉತ್ತಮ ವ್ರತ. ಆದರೆ ತೆರವಾದ ಆ ಸ್ಥಾನವನ್ನು ಕರಿದ ತಿನಿಸು ತುಂಬಿದರೆ ವ್ರತದ ಆಶಯವೇ ಮರೆಯಾಗುತ್ತದೆ. ಆ ದಿನಗಳಿಗೆ ಹೆಸರು, ತೊಗರಿ, ಕಡಲೆ, ನವಣೆ ಇವೆ. ಕನ್ನಡಿಗರ ಜೋಳ, ತೆಲುಗರ ಜೊನ್ನ, ಮಾರವಾಡಿಗಳ ಜ್ವಾರ್ ಇದೆ. ಹೆಸರು ಮೂರಾದರೂ ಈ ಸೀಮೆಯ ಧಾನ್ಯ ಒಂದೇ.

ಬಾಹ್ಯತಪಗಳು ಆರು. ಅವುಗಳಲ್ಲಿ ಹಸಿವಿಗಿಂತ ಕಡಿಮೆ ಉಣ್ಣುವ ಊನೋದರಿಯೂ, ತುಪ್ಪ, ಎಣ್ಣೆ, ಸಕ್ಕರೆ, ಉಪ್ಪು ಮೊದಲಾದುವನ್ನು ತೊರೆಯುವ ರಸಪರಿತ್ಯಾಗವೂ ಇವೆ. ಇವು ಕರ್ಮನಿರ್ಜರೆಯ ಮಾರ್ಗಗಳು. ದೇಹದ ಆರೋಗ್ಯವು ಅವುಗಳೊಡನೆ ಬರುವ ಫಲ. ಒಂಬತ್ತನೆಯ ಶತಮಾನದಲ್ಲಿ 'ಕಲ್ಯಾಣಕಾರಕ'ವೆಂಬ ವೈದ್ಯಗ್ರಂಥವನ್ನು ರಚಿಸಿದ ಉಗ್ರಾದಿತ್ಯಾಚಾರ್ಯರು, ರಾಷ್ಟ್ರಕೂಟ ಅಮೋಘವರ್ಷನ ಸಭೆಯಲ್ಲಿ ಮಾಂಸಸೇವನೆಯ ಅಹಿತವನ್ನು ಪ್ರತಿಪಾದಿಸಿದರು. ಚಿಕಿತ್ಸೆಯನ್ನು ಧರ್ಮದಿಂದ ಬೇರೆಯೆಂದು ಅವರು ಎಣಿಸಲಿಲ್ಲ. ಆದುದರಿಂದ ವೈದ್ಯರು ಕೊಟ್ಟ ಔಷಧವನ್ನು ತಪದ ಹೆಸರಿನಲ್ಲಿ ತಾವಾಗಿಯೇ ನಿಲ್ಲಿಸುವುದೂ ವಿವೇಕವಲ್ಲ.

ಈ ಮಹೋತ್ಸವದ ಸಂದರ್ಭದಲ್ಲಿ ಪ್ರತಿಯೊಂದು ಕುಟುಂಬವೂ ಒಂದು ನಿಯಮವನ್ನು ಸ್ವೀಕರಿಸಲಿ: ವಾರಕ್ಕೊಂದು ದಿನ ಕರಿದ ಪದಾರ್ಥದ ತ್ಯಾಗ, ಅಥವಾ ಸೂರ್ಯಾಸ್ತಕ್ಕೆ ಮೊದಲು ಮಿತಭೋಜನ. ತಂದೆಯಿಂದ ಮಗನಿಗೆ ರೋಗದ ಭಯದ ಬದಲು ಸಂಯಮದ ಸಂಸ್ಕಾರ ಸಲ್ಲಲಿ. ಸರ್ವರಿಗೂ ಆರೋಗ್ಯವೂ ಧರ್ಮವೃದ್ಧಿಯೂ ಉಂಟಾಗಲಿ.

ಜೈ ಜಿನೇಂದ್ರ.