ಕಾಣದ ಸರಕಿಗೆ ಕೊಟ್ಟ ಮಾತು

ವ್ಯಾಪಾರವೆಂದರೆ ಸರಕಿನ ವಿನಿಮಯವೆಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಸ್ವಲ್ಪ ಒಳಹೊಕ್ಕು ನೋಡಿದರೆ, ಸರಕು ಕೈಬದಲಾಗುವುದಕ್ಕಿಂತ ಮೊದಲು ಅಲ್ಲಿ ಒಂದು ಮಾತು ಕೈಬದಲಾಗಿರುವುದು ಕಂಡುಬರುತ್ತದೆ. ‘ಈ ಬಟ್ಟೆಯ ಬಣ್ಣ ಬಿಡುವುದಿಲ್ಲ’, ‘ಈ ಅಕ್ಕಿ ಒಂದು ವರ್ಷ ಹಳೆಯದು’ ಎಂದು ಅಂಗಡಿಯವನು ನುಡಿದುದನ್ನು ನಂಬಿಯೇ ಗಿರಾಕಿ ಹಣ ಎಣಿಸುತ್ತಾನೆ. ಅವನು ಆ ಸರಕನ್ನು ಮುಟ್ಟಿ, ತೂಗಿ, ಮೂಸಿ ನೋಡಿದ್ದಾನೆಂಬುದೇ ಆ ನಂಬಿಕೆಗೆ ಆಧಾರ. ಹಾಗಾದರೆ ತಾನು ಮಾರುವ ಸರಕನ್ನು ಕಣ್ಣಿನಿಂದಲೂ ಕಾಣದ ವ್ಯಾಪಾರಿಯ ಮಾತಿಗೆ ಆಧಾರ ಯಾವುದು? ಅಂಥ ಮಾತನ್ನು ಕೊಡುವುದು ಧರ್ಮವೇ?

ಇದು ಕೇವಲ ತರ್ಕಕ್ಕಾಗಿ ಎತ್ತಿದ ಪ್ರಶ್ನೆಯಲ್ಲ. ಅಂತರಜಾಲದಲ್ಲಿ ಅಂಗಡಿ ತೆರೆದಿರುವ ಅನೇಕ ತರುಣರು ಇಂದು ‘ಡ್ರಾಪ್‌ಶಿಪ್ಪಿಂಗ್’ ಎಂಬ ಪದ್ಧತಿಯಲ್ಲಿ ವ್ಯಾಪಾರ ನಡೆಸುತ್ತಿದ್ದಾರೆ. ಅದರ ಬಗೆ ಇದು: ಗದಗಿನಲ್ಲಿರುವ ಒಬ್ಬ ತರುಣನು ತನ್ನ ತಾಣದಲ್ಲಿ ಹಿತ್ತಾಳೆಯ ದೀಪಗಳ ಚಿತ್ರಗಳನ್ನು ಇಟ್ಟಿದ್ದಾನೆಂದು ಭಾವಿಸೋಣ. ದೀಪಗಳಿರುವುದು ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ, ಸರಬರಾಜುದಾರನ ಗೋದಾಮಿನಲ್ಲಿ. ಮೈಸೂರಿನ ಗೃಹಿಣಿಯೊಬ್ಬರು 1,200 ರೂಪಾಯಿ ಕೊಟ್ಟು ಒಂದು ದೀಪವನ್ನು ಕೊಳ್ಳುತ್ತಾರೆ. ತರುಣನು 800 ರೂಪಾಯಿಯನ್ನು ಸರಬರಾಜುದಾರನಿಗೆ ಕಳುಹಿಸಿ ಮೈಸೂರಿನ ವಿಳಾಸ ತಿಳಿಸುತ್ತಾನೆ. ದೀಪವು ನೇರವಾಗಿ ಅಲ್ಲಿಗೆ ಹೋಗುತ್ತದೆ. ಗದಗನ್ನು ಅದು ಹಾಯುವುದೇ ಇಲ್ಲ.

ಮಧ್ಯವರ್ತಿಯ ಉದ್ಯೋಗ ನಮಗೆ ಹೊಸದಲ್ಲ. ಬ್ಯಾಡಗಿಯ ಮಾರುಕಟ್ಟೆಯ ಅಡತಿ ವ್ಯಾಪಾರಿಯೂ ರೈತನ ಮೆಣಸಿನಕಾಯಿಯನ್ನೇ ಮಾರುತ್ತಾನೆ, ತನ್ನದನ್ನಲ್ಲ. ಆದರೆ ಅಲ್ಲಿ ರಾಶಿ ಕಣ್ಣೆದುರಿಗಿರುತ್ತದೆ. ಕೊಳ್ಳುವವನು ಕಾಯಿ ಮುರಿದು ಬಣ್ಣ ನೋಡಬಹುದು, ಸುಕ್ಕು ನೋಡಬಹುದು, ಒಪ್ಪದಿದ್ದರೆ ಮುಂದಿನ ರಾಶಿಗೆ ನಡೆಯಬಹುದು. ಅಮೆರಿಕದಲ್ಲಿ ಕಲ್ಲಿದ್ದಲು, ಮರಮುಟ್ಟುಗಳ ಸಗಟು ವ್ಯಾಪಾರದಲ್ಲಿ ದಾಸ್ತಾನಿಡದೆ, ಮೂಲದಿಂದಲೇ ಕೊಂಡವನಿಗೆ ಸರಕು ಸಾಗಿಸುವ ವರ್ತಕರು ಬಹುಕಾಲದಿಂದ ಇದ್ದಾರೆ. ಅಲ್ಲಿ ಕೊಳ್ಳುವವರೂ ಸರಕಿನ ಮರ್ಮ ಬಲ್ಲ ವರ್ತಕರೇ. ಮೈಸೂರಿನ ಆ ಗೃಹಿಣಿಗೆ ಇರುವುದು ಒಂದು ಚಿತ್ರ ಮಾತ್ರ. ಆ ಚಿತ್ರವನ್ನು ತೆಗೆದವನು ಸರಬರಾಜುದಾರ; ಅದರ ಕೆಳಗೆ ‘ಅಪ್ಪಟ ಹಿತ್ತಾಳೆ’ ಎಂದು ಬರೆದವನು ಗದಗಿನ ತರುಣ. ನೋಡದವನು ನೋಡದವರಿಗೆ ಸಾಕ್ಷಿ ನುಡಿದಂತಾಯಿತು.

ಇಷ್ಟರಿಂದಲೇ ಇದು ಶ್ರಮವಿಲ್ಲದ ಗಳಿಕೆ, ಆದುದರಿಂದ ನಿಂದ್ಯ ಎಂದು ತೀರ್ಪು ಕೊಡುವವರಿದ್ದಾರೆ. ಆ ಮಾತನ್ನು ನಾವು ಒಪ್ಪಲಾರೆವು. ಗೋದಾಮು ಇರುವುದೇ ಪುಣ್ಯವಲ್ಲ. ಬಂಡವಾಳವಿಲ್ಲದ ಬಡ ಮನೆಯ ಹುಡುಗನಿಗೆ ವ್ಯಾಪಾರದ ಬಾಗಿಲು ತೆರೆಯುವುದು ಪಾಪವೂ ಅಲ್ಲ. 2007ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಫ್ಲಿಪ್‌ಕಾರ್ಟ್ ಮೊದಲಿಗೆ ಪುಸ್ತಕಗಳನ್ನು ಮಾರಿದುದು ಹೀಗೆಯೇ, ಬೇಡಿಕೆ ಬಂದ ಮೇಲೆ ತರಿಸಿ ಕೊಡುತ್ತ. ಮೊದಲ ಬೇಡಿಕೆಯ ಪುಸ್ತಕ ಸುಲಭವಾಗಿ ಸಿಗದೆ, ಸ್ಥಾಪಕರು ನಗರದ ಪುಸ್ತಕದಂಗಡಿಗಳನ್ನು ಅಲೆದು ಹುಡುಕಿ ಕಳುಹಿಸಿದರೆಂಬುದು ಪ್ರಸಿದ್ಧ. ‘ನಮ್ಮ ಸರಬರಾಜುದಾರನಲ್ಲಿ ಇಲ್ಲ’ ಎಂದು ಕೈತೊಳೆದುಕೊಳ್ಳಬಹುದಿತ್ತು; ಅವರು ಅದನ್ನು ಮಾಡಲಿಲ್ಲ. ಆ ಅಲೆದಾಟದಿಂದಲೇ ಅವರ ಲಾಭಕ್ಕೆ ನ್ಯಾಯ ಒದಗಿತೆಂದು ನಮ್ಮ ಅಭಿಪ್ರಾಯ.

ದೋಷವಿರುವುದು ಬೇರೆಡೆಯಲ್ಲಿ. ದೀಪ ಸೀಳಿ ಬಂದಾಗ, ಚಿತ್ರದಲ್ಲಿ ಮೊಳದುದ್ದ ಕಂಡದ್ದು ಗೇಣುದ್ದವಾಗಿ ಬಂದಾಗ, ‘ಅದು ನನ್ನ ತಪ್ಪಲ್ಲ, ಕಳುಹಿಸಿದವನದು’ ಎಂಬ ಉತ್ತರವಿದೆಯಲ್ಲ, ಅದರಲ್ಲಿ. ಹಣ ಪಡೆಯುವಾಗ ‘ನಾನು’, ದೂರು ಬಂದಾಗ ‘ಅವನು’! ವ್ಯಾಕರಣದಲ್ಲಿ ಪುರುಷ ಬದಲಾಗಬಹುದು, ಋಣದಲ್ಲಿ ಬದಲಾಗದು. ಕಾನೂನು ಕೂಡ ಈ ಉತ್ತರವನ್ನು ಒಪ್ಪಿಲ್ಲ. ನಮ್ಮ ದೇಶದ 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ, ಸರಕು ದೋಷವುಳ್ಳದ್ದಾದರೆ, ನಕಲಿಯಾದರೆ ಅಥವಾ ಹೇಳಿದ ಗುಣವಿಲ್ಲದ್ದಾದರೆ ಮಾರಿದವನು ಅದನ್ನು ಹಿಂದಕ್ಕೆ ಪಡೆಯಲು ನಿರಾಕರಿಸುವಂತಿಲ್ಲ. ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿದುದಾಗಿ ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಇನ್ನೂ ಮುಂದೆ ಹೋಗಿದೆ. ಸರಕಿನ ದೋಷದಿಂದ ಯಾರಿಗಾದರೂ ಹಾನಿಯಾಗಿ, ತಯಾರಕನು ಯಾರೆಂದು ತಿಳಿಯದಿದ್ದರೆ, ಇಲ್ಲವೆ ಆತನು ಭಾರತದ ಕಾನೂನಿನ ಕೈಗೆ ಸಿಗದ ಪರದೇಶದವನಾಗಿದ್ದರೆ, ಮಾರಿದವನೇ ಹೊಣೆಯಾಗಬೇಕಾಗುತ್ತದೆ. ಚೀನದ ಅಜ್ಞಾತ ಕಾರ್ಖಾನೆಯ ವಿದ್ಯುತ್ ಸಾಮಾನುಗಳನ್ನು ಕಣ್ಣುಮುಚ್ಚಿ ಮಾರುತ್ತಿರುವವರು ಈ ಮಾತನ್ನು ಎರಡು ಸಲ ಓದುವುದು ಒಳ್ಳೆಯದು.

ಕಾನೂನು ಹೇಳುವುದು ಕೆಟ್ಟ ಮೇಲಿನ ಮಾತು. ಕೆಡುವ ಮುನ್ನಿನ ಕರ್ತವ್ಯ ಯಾವುದು? ಕಾಣದ ಸರಕನ್ನು ಕಾಣುವಂತೆ ಮಾಡಿಕೊಳ್ಳುವುದು. ತರುಣನು ಮೊದಲು ತಾನೇ ಒಂದು ದೀಪವನ್ನು ಹಣ ಕೊಟ್ಟು ತರಿಸಲಿ. ಅದೂ ‘ಮಾದರಿ ಕಳುಹಿಸಿ’ ಎಂದು ಕೇಳಿಯಲ್ಲ, ಏಕೆಂದರೆ ಮಾದರಿ ಸದಾ ಚೆನ್ನಾಗಿಯೇ ಇರುತ್ತದೆ. ಸ್ನೇಹಿತನ ವಿಳಾಸಕ್ಕೆ ಸಾಮಾನ್ಯ ಗಿರಾಕಿಯ ಬೇಡಿಕೆಯಂತೆಯೇ ತರಿಸಬೇಕು. ಅಯಸ್ಕಾಂತ ಹಿಡಿದು ನೋಡಲಿ. ಕಬ್ಬಿಣಕ್ಕೆ ಹಿತ್ತಾಳೆಯ ಲೇಪ ಬಳಿದಿದ್ದರೆ ಅಂಟಿಕೊಳ್ಳುತ್ತದೆ. ತೂಗಲಿ. ಎಣ್ಣೆ ತುಂಬಿ ಒಂದು ರಾತ್ರಿ ಬಿಡಲಿ. ಬೆಸುಗೆ ಸರಿಯಿಲ್ಲದಿದ್ದರೆ ಬೆಳಗಿಗೆ ಕೆಳಗಿನ ಕಾಗದ ಹೇಳುತ್ತದೆ. ಚಿತ್ರವನ್ನು ತಾನೇ ತೆಗೆದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೋರಿಸಲಿ. ಕೆಲವು ತಿಂಗಳಿಗೊಮ್ಮೆ ಇದನ್ನೇ ಮತ್ತೆ ಮಾಡಲಿ, ಏಕೆಂದರೆ ಮೊದಲ ನೂರು ದೀಪಗಳ ಲೋಹವೇ ಮುಂದಿನ ನೂರಕ್ಕೂ ಇರುತ್ತದೆಂಬ ನೇಮವಿಲ್ಲ.

ಇಷ್ಟು ಮಾಡಿದರೂ ಒಂದು ಕೊರತೆ ಉಳಿದೇ ಉಳಿಯುತ್ತದೆ. ಗೋದಾಮಿನಲ್ಲಿ ಇಂದು ಎಷ್ಟು ದೀಪಗಳಿವೆಯೆಂಬುದು ತರುಣನಿಗೆ ಸರಬರಾಜುದಾರನು ಹೇಳಿದಷ್ಟೇ ಗೊತ್ತು. ಅಮೆರಿಕದಲ್ಲಿ 1999ರಲ್ಲಿ ಸ್ಥಾಪನೆಯಾದ ಝ್ಯಾಪೋಸ್ ಎಂಬ ಪಾದರಕ್ಷೆಯ ಅಂಗಡಿಯೂ ಈ ಪದ್ಧತಿಯಿಂದಲೇ ಬೆಳೆಯಿತು. ತಯಾರಕರ ದಾಸ್ತಾನಿನ ಲೆಕ್ಕ ತಪ್ಪಿದಾಗಲೆಲ್ಲ ಮಾತು ತಪ್ಪಿದವರಾಗುತ್ತಿದ್ದವರು ಇವರು. ಕೊನೆಗೆ 2003ರಲ್ಲಿ, ಮಾರಾಟದ ಸುಮಾರು ಕಾಲುಭಾಗ ಆ ದಾರಿಯಿಂದಲೇ ಬರುತ್ತಿದ್ದರೂ ಅದನ್ನು ನಿಲ್ಲಿಸಿಬಿಟ್ಟರು. ಎಲ್ಲರೂ ಹಾಗೆಯೇ ಮಾಡಬೇಕೆಂದು ನಾವು ಹೇಳುವುದಿಲ್ಲ. ಕಾಲುಭಾಗದ ಆದಾಯವನ್ನು ಕೊಟ್ಟ ಮಾತಿನ ಎದುರು ತೂಗಿ ನೋಡಿದವರಿದ್ದಾರೆ ಎಂಬುದಷ್ಟೇ ನಮ್ಮ ಪ್ರಯೋಜನ.

ಸರಬರಾಜುದಾರನನ್ನು ‘ನಿರ್ವಹಿಸುವುದು’ ಹೇಗೆಂಬ ಬಗ್ಗೆ ಇಂದು ಪುಸ್ತಕಗಳಿಗೂ ಉಪನ್ಯಾಸಗಳಿಗೂ ಬರವಿಲ್ಲ. ಅವುಗಳಲ್ಲಿ ಬಹುಪಾಲು ಬೆಲೆಯನ್ನು ಇಳಿಸುವ ಉಪಾಯಗಳೇ. ಇಬ್ಬರು ಸರಬರಾಜುದಾರರನ್ನು ಇಟ್ಟುಕೊಂಡು ಒಬ್ಬನ ದರವನ್ನು ಇನ್ನೊಬ್ಬನಿಗೆ ತೋರಿಸಿ ಹಿಂಡಿರೆನ್ನುತ್ತಾರೆ. ಇಬ್ಬರಿರುವುದು ತಪ್ಪಲ್ಲ, ಒಬ್ಬನ ಗೋದಾಮಿಗೆ ನೀರು ನುಗ್ಗಿದರೆ ಗಿರಾಕಿಗೆ ಕೊಟ್ಟ ಮಾತು ಉಳಿಯಬೇಕಷ್ಟೆ. ಆದರೆ 800 ರೂಪಾಯಿಯ ದೀಪವನ್ನು 600ಕ್ಕೆ ಇಳಿಸಿದಾಗ ಆ ಇನ್ನೂರು ಎಲ್ಲಿಂದ ಬಂದಿತು? ಮೊರಾದಾಬಾದಿನಲ್ಲಿ ಎರಕ ಹೊಯ್ಯುವವನು ಒಬ್ಬ, ಕೆತ್ತುವವನು ಒಬ್ಬ, ಉಜ್ಜಿ ಹೊಳಪು ಕೊಡುವವನು ಇನ್ನೊಬ್ಬ. ಇನ್ನೂರು ಬಂದದ್ದು ಒಂದೋ ಲೋಹದಿಂದ, ಇಲ್ಲವೆ ಇವರಲ್ಲೊಬ್ಬನ ಕೂಲಿಯಿಂದ. ಲೋಹದಿಂದಾದರೆ ಗೃಹಿಣಿಗೆ ಮೋಸ, ಕೂಲಿಯಿಂದಾದರೆ ಕುಶಲಕರ್ಮಿಗೆ. ಎರಡನ್ನೂ ಕಾಣದೆ ಉಳಿಯುವ ಸೌಕರ್ಯವನ್ನು ಈ ಪದ್ಧತಿ ಒದಗಿಸುತ್ತದೆ. ನಮ್ಮ ಮುಖ್ಯ ಆತಂಕ ಇದೇ.

ಹಣ ಕೊಡುವ ವಿಷಯವೂ ಹಾಗೆಯೇ. ಸಣ್ಣ ಉದ್ದಿಮೆದಾರನಿಗೆ 45 ದಿನಗಳೊಳಗೆ ಹಣ ಸಲ್ಲಬೇಕೆಂದು 2006ರ ಕಾನೂನು ವಿಧಿಸಿದೆ, ತಡವಾದರೆ ಚಕ್ರಬಡ್ಡಿ. ಅದು ಗೊತ್ತಿದ್ದೂ ‘ಗಿರಾಕಿಯ ದೂರು ಇದೆ’ ಎಂಬ ನೆಪದಿಂದ ಹಣ ತಡೆಹಿಡಿಯುವವರಿದ್ದಾರೆ. ಮನೆಬಾಗಿಲಿನಲ್ಲಿ ಹಣ ಕೊಡುವೆನೆಂದವರು ಪಾರ್ಸೆಲ್ಲನ್ನು ಪಡೆಯದೆ ಹಿಂದಿರುಗಿಸಿದರೆ ಹೋಗಿ ಬರುವ ಸಾಗಣೆಯ ವೆಚ್ಚ ಯಾರದು? ಗಿರಾಕಿಯನ್ನು ಆರಿಸಿ ತಂದವನು ವ್ಯಾಪಾರಿ. ಸರಬರಾಜುದಾರನು ಆ ವಿಳಾಸವನ್ನು ಕೇಳಿಯೂ ಇರಲಿಲ್ಲ. ನ್ಯಾಯ ಸ್ಪಷ್ಟವಾಗಿಯೇ ಇದೆ. ಒಪ್ಪಂದಪತ್ರದಲ್ಲಿ ಅದನ್ನು ಮೊದಲೇ ಬರೆದುಕೊಂಡರೆ ಮನಸ್ತಾಪವಿಲ್ಲ.

ದೀಪಾವಳಿಯ ಮುನ್ನಾದಿನ ಒಡೆದ ದೀಪ ಬಂದರೆ ಏನು ಮಾಡಬೇಕು? ಹಣ ಹಿಂದಿರುಗಿಸಿದರೆ ಕಾನೂನಿನ ಬಾಯಿ ಮುಚ್ಚುತ್ತದೆ. ಮೊರಾದಾಬಾದಿನಿಂದ ಮತ್ತೊಂದು ಹೊರಟರೆ ಅದು ಬರುವಷ್ಟರಲ್ಲಿ ಹಬ್ಬ ಕಳೆದಿರುತ್ತದೆ. ಆದುದರಿಂದ ಹಬ್ಬದ ತಿಂಗಳಿಗೆ ಮುಂಚೆ ಹತ್ತು ದೀಪಗಳನ್ನು ತನ್ನ ಹಣದಿಂದ ಕೊಂಡು ಗದಗಿನ ಮನೆಯ ಕಪಾಟಿನಲ್ಲಿ ಇಟ್ಟುಕೊಳ್ಳಬೇಕೆಂಬುದು ನಮ್ಮ ಸಲಹೆ. ಮೈಸೂರಿಗೆ ಅವು ಒಂದೆರಡು ದಿನಗಳಲ್ಲಿ ಮುಟ್ಟುತ್ತವೆ. ದಾಸ್ತಾನಿಲ್ಲದ ವ್ಯಾಪಾರವೆಂಬ ಹೆಸರಿಗೆ ಇದರಿಂದ ಸ್ವಲ್ಪ ಲೋಪ ಬರುತ್ತದೆ, ಎಂಟು ಸಾವಿರ ರೂಪಾಯಿ ಕಟ್ಟಿಹಾಕಿದಂತಾಗುತ್ತದೆ, ಕಾರ್ತಿಕ ಮುಗಿದ ಮೇಲೆ ನಾಲ್ಕಾರು ದೀಪಗಳು ಮಾರಾಟವಾಗದೆ ಉಳಿಯಲೂಬಹುದು.