ಪಟ್ಟಾಭಿಷೇಕದ ಆಚೆಗೊಂದು ಕೋರಿಕೆ

ರಾಮಚಂದ್ರ, ತಂದೆ, ಕೇಳು. ಒಂದು ಟೀವಿ ಧಾರಾವಾಹಿಯ ಕೊನೆಯ ಕಂತಿನ ಬಗ್ಗೆ ಹೇಳಿಕೊಳ್ಳಲು ಬಂದಿದ್ದೇನೆ. ದೇವರ ಮುಂದೆ ಇಡುವ ಮಾತೇ ಇದು, ಎಂದು ಯಾರಾದರೂ ಕೇಳಿಯಾರು. ಆದರೆ ಅಳಿಲು ತಂದ ಮರಳನ್ನೂ ಲೆಕ್ಕಕ್ಕೆ ಹಿಡಿದವನು ನೀನು. ಆ ಧೈರ್ಯದಿಂದ ಬಂದಿದ್ದೇನೆ.

1988ರ ಜುಲೈ 31, ಭಾನುವಾರ. ಅಂದು ನಿನಗೆ ಪಟ್ಟಾಭಿಷೇಕ. ಹಿಂದಿನ ವರ್ಷದ ಜನವರಿ 25ಕ್ಕೆ ದೂರದರ್ಶನದಲ್ಲಿ ಶುರುವಾದ ರಮಾನಂದ ಸಾಗರರ ‘ರಾಮಾಯಣ’ ಅಂದು ಮುಗಿಯಿತು. ಮೊದಲು 52 ಕಂತು ಎಂದುಕೊಂಡಿದ್ದರು. ಜನ ಬಿಡಲಿಲ್ಲ. ಅದು 78ಕ್ಕೆ ಬೆಳೆಯಿತು. ಒಂದೂವರೆ ವರ್ಷ, ಭಾನುವಾರದ ಬೆಳಿಗ್ಗೆ ಒಂಬತ್ತೂವರೆ ಎಂದರೆ ಅದು ನಿನ್ನ ಹೊತ್ತು. ಮದುವೆ ಮನೆಯವರು ಮುಹೂರ್ತವನ್ನು ಹಿಂದೆ ಮುಂದೆ ಮಾಡಿಕೊಂಡರು. ಪೇಟೆ ಬೀದಿಗಳಲ್ಲಿ ಸದ್ದಿರುತ್ತಿರಲಿಲ್ಲ.

ನಿನಗೆ ನೆನಪಿದೆಯಲ್ಲ, ನಮ್ಮ ಕನ್ನಡದ ಮನೆಗಳಲ್ಲಿ ನಿನ್ನನ್ನು ಹೇಗೆ ನೋಡಿದೆವು ಎಂದು. ಬೀದಿಗೊಂದೋ ಎರಡೋ ಟೀವಿ. ಆ ಮನೆಯವರು ಭಾನುವಾರ ಬಾಗಿಲು ಹಾಕುತ್ತಿರಲಿಲ್ಲ. ಮಿಂದು, ಮಡಿಯ ಬಟ್ಟೆ ಉಟ್ಟು, ಚಪ್ಪಲಿ ಅಂಗಳದಲ್ಲೇ ಬಿಟ್ಟು ಹೋಗುತ್ತಿದ್ದೆವು. ಟೀವಿಗೆ ಕುಂಕುಮ, ಮೇಲೊಂದು ಹೂವು, ಮುಂದೆ ಊದುಕಡ್ಡಿ. ಮಾಳಿಗೆಯ ಮೇಲೆ ಒಬ್ಬ ಹುಡುಗ ಆಂಟೆನಾ ತಿರುಗಿಸುತ್ತ ‘ಬಂತಾ?’ ಎಂದು ಕೂಗುವನು. ಒಳಗಿನಿಂದ ‘ಬಂತು, ಬಂತು, ಹಂಗೇ ಬಿಡು’ ಎಂದು ಹತ್ತು ದನಿ. ಕೆಲವೊಮ್ಮೆ ತೆರೆಯ ತುಂಬ ಬರೀ ಚುಕ್ಕಿ. ಆಗಲೂ ಯಾರೂ ಎದ್ದು ಹೋಗುತ್ತಿರಲಿಲ್ಲ. ಚುಕ್ಕಿಗಳ ಹಿಂದೆ ನೀನಿದ್ದೀಯ ಎಂದು ಎಲ್ಲರಿಗೂ ಗೊತ್ತಿತ್ತು.

ಹಿಂದಿ ನಮ್ಮ ಅಜ್ಜಿಯಂದಿರಿಗೆ ಬಾರದು. ಬರಬೇಕಾಗಿಯೂ ಇರಲಿಲ್ಲ. ಮಂಥರೆಯ ವೇಷದಲ್ಲಿ ಲಲಿತಾ ಪವಾರ್ ಕಾಣಿಸಿಕೊಂಡ ಕೂಡಲೇ, ಅವಳು ಬಾಯಿ ತೆರೆಯುವ ಮೊದಲೇ, ಅವರು ಸೆರಗು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಕಥೆ ಮುಂದೆ ಎಲ್ಲಿಗೆ ಹೋಗುತ್ತದೆಂದು ಅವರಿಗೆ ಗೊತ್ತು. ಗೊತ್ತಿದ್ದೂ ಪ್ರತಿ ವಾರ ಹೊಸದಾಗಿ ಹೆದರಿದರು, ಹೊಸದಾಗಿ ಹಿಗ್ಗಿದರು. ಆ ಮನಸ್ಸನ್ನು ಅವರಿಗೆ ಕೊಟ್ಟದ್ದಕ್ಕೆ ನಿನಗೆ ನಮಸ್ಕಾರ.

ಅದನ್ನು ಮಾಡಿದವರಿಗಾಗಿಯೂ ನಿನಗೆ ಕೈಮುಗಿಯುತ್ತೇನೆ. ಗುಜರಾತಿನ ಕಡಲತಡಿಯ ಉಂಬರ್‌ಗಾಂವ್‌ನಲ್ಲಿ ಸೆಟ್ ಹಾಕಿ ಅಯೋಧ್ಯೆ ಕಟ್ಟಿದವರಿಗಾಗಿ. ನಿನ್ನ ನಗುವನ್ನು ತನ್ನ ಮುಖದ ಮೇಲೆ ಹೊತ್ತ ಅರುಣ್ ಗೋವಿಲ್‌ಗಾಗಿ. ಹೋದಲ್ಲೆಲ್ಲ ಜನ ಅವರ ಕಾಲಿಗೆ ಬಿದ್ದರು, ಒಬ್ಬ ನಟನಿಗೆ ಅದೆಷ್ಟು ಭಾರವೋ. ಸೀತಮ್ಮನಾದ ದೀಪಿಕಾ ಚಿಖ್ಲಿಯಾಗಾಗಿ. ಕುಸ್ತಿಯ ಅಖಾಡದಿಂದ ಬಂದು ಹನುಮಂತನಾದ ದಾರಾ ಸಿಂಗ್‌ಗಾಗಿ. ರಾವಣನಾಗಿ ಗುಡುಗಿದ ಅರವಿಂದ ತ್ರಿವೇದಿಗಾಗಿ. ದಾರಾ ಸಿಂಗ್ 2012ರಲ್ಲಿ, ತ್ರಿವೇದಿ 2021ರಲ್ಲಿ ನಿನ್ನ ಬಳಿಗೆ ಬಂದರು. ಚೆನ್ನಾಗಿ ನೋಡಿಕೊಂಡಿರುತ್ತೀಯ, ನನಗೆ ನಂಬಿಕೆಯಿದೆ.

ರಮಾನಂದ ಸಾಗರರ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳುತ್ತೇನೆ, ತಾಳಿಕೋ. ಲಾಹೋರಿನ ಸಮೀಪ ಹುಟ್ಟಿದ ಅವರು ವಿಭಜನೆಯ ಕಾಲದಲ್ಲಿ ನಿರಾಶ್ರಿತರಾಗಿ ಮುಂಬಯಿಗೆ ಬಂದವರು. ಆಗ ಕಂಡ ರಕ್ತ, ಬೆಂಕಿಯನ್ನು ‘ಔರ್ ಇನ್ಸಾನ್ ಮರ್ ಗಯಾ’ ಎಂಬ ಕಾದಂಬರಿಯಾಗಿ ಬರೆದರು. ಅಂಥ ಮನುಷ್ಯ ಎಪ್ಪತ್ತರ ಹೊಸ್ತಿಲಲ್ಲಿ ನಿನ್ನ ವನವಾಸವನ್ನು ಕೈಗೆತ್ತಿಕೊಂಡರು. ಹುಟ್ಟಿದ ಊರಿಗೆ ಮರಳಲಾಗದ ಒಬ್ಬರು, ನಿನ್ನನ್ನು ಮಾತ್ರ ಹದಿನಾಲ್ಕು ವರ್ಷ ಕಳೆದ ಮೇಲೆ ಊರಿಗೆ ಮರಳಿಸಿದರು. ಆ ಪಟ್ಟಾಭಿಷೇಕವನ್ನು ಅವರು ಅಷ್ಟು ಬೆಳಕಾಗಿ, ಅಷ್ಟು ದೀರ್ಘವಾಗಿ ಯಾಕೆ ತೋರಿಸಿದರು ಎಂದು ಈಗ ನನಗೆ ಅರ್ಥವಾಗುತ್ತದೆ.

ನಮ್ಮ ಮನೆಗಳಿಗೆ ಅಷ್ಟು ಸಾಕಾಗಿತ್ತು, ತಂದೆ. ಪಾರಾಯಣ ಮಾಡಿದರೆ ಪಟ್ಟಾಭಿಷೇಕಕ್ಕೆ ಮಂಗಳ ಹಾಡಿ ಪುಸ್ತಕ ಮುಚ್ಚುವುದು ನಮ್ಮ ಹಿರಿಯರ ಪದ್ಧತಿ. ಪಾನಕ, ಕೋಸಂಬರಿ ಹಂಚಿ ಎದ್ದುಬಿಡುತ್ತೇವೆ. ಉತ್ತರಕಾಂಡವನ್ನು ಮನೆಯಲ್ಲಿ ಓದಬಾರದು ಎನ್ನುತ್ತಾರೆ. ಅಲ್ಲಿ ಅಳು ಇದೆ. ಅಳುವನ್ನು ಹೊಸ್ತಿಲೊಳಗೆ ಯಾಕೆ ಕರೆಯಬೇಕು ಎಂಬ ಭಯ. ಆ ಭಯದ ಮೇಲೆ ನಿನಗೆ ಸಿಟ್ಟಿಲ್ಲವೆಂದು ಬಲ್ಲೆ. ಕಷ್ಟ ಉಂಡವರು, ಸುಖದ ಕಡೆಯ ಪುಟದಲ್ಲಿ ತುಸು ಹೊತ್ತು ಕೂರಲು ಆಸೆಪಡುತ್ತಾರೆ.

ಆದರೆ ಸಾಕು ಎನ್ನದವರೂ ಇದ್ದರು.

ಅವರ ಬಗ್ಗೆ ಹೇಳಲೆಂದೇ ಇಷ್ಟು ದೂರ ಬಂದೆ. ಪಂಜಾಬಿನ ಜಲಂಧರ್‌ನಲ್ಲಿ ಬೀದಿ ಗುಡಿಸುವವರು, ಚರಂಡಿ ಬಳಿಯುವವರು. ಧಾರಾವಾಹಿ ಪಟ್ಟಾಭಿಷೇಕಕ್ಕೇ ಮುಗಿಯುತ್ತದೆ ಎಂದು ತಿಳಿದಾಗ ಅವರು ಪೊರಕೆ ಕೆಳಗಿಟ್ಟರು. ಮುಷ್ಕರ. ಅದು ಉತ್ತರ ಭಾರತದ ಬೇರೆ ಬೇರೆ ಊರುಗಳಿಗೆ ಹಬ್ಬಿತು. ಬೀದಿಯಲ್ಲಿ ಕಸ ಬೆಳೆಯಿತು. ಕೇಳಿದ್ದೇನು? ಕೂಲಿ ಹೆಚ್ಚಿಸಿ ಎಂದಲ್ಲ. ಕಥೆ ಮುಂದುವರಿಸಿ, ಉತ್ತರಕಾಂಡ ತೋರಿಸಿ ಎಂದು.

ಅದು ಎಂಥ ಕಾಲ ಎಂದು ನಿನಗೆ ಗೊತ್ತು. ಆ ವರ್ಷದ ಮೇ ತಿಂಗಳಲ್ಲಷ್ಟೇ ಅಮೃತಸರದ ಸ್ವರ್ಣಮಂದಿರದಲ್ಲಿ ಅಡಗಿದ್ದ ಉಗ್ರರ ವಿರುದ್ಧ ‘ಆಪರೇಷನ್ ಬ್ಲ್ಯಾಕ್ ಥಂಡರ್’ ನಡೆದಿತ್ತು. ಕತ್ತಲಾದರೆ ಹೊರಗೆ ಕಾಲಿಡಲು ಹೆದರುವ ಪಂಜಾಬು ಅದು. ಅಲ್ಲಿ, ದಿನಗೂಲಿಯ ಅಂಚಿನಲ್ಲಿ ಬದುಕುವ ಜನ, ಒಂದು ಕಥೆಗಾಗಿ ಕೆಲಸ ಬಿಟ್ಟು ಕೂತರು.

ಯಾಕೆ ಎಂದು ಬಲ್ಲೆಯಾ? ಬಲ್ಲೆ. ನೀನಲ್ಲದೆ ಇನ್ಯಾರು ಬಲ್ಲರು. ಅವರು ವಾಲ್ಮೀಕಿಯ ಮಕ್ಕಳು, ಅವನ ಹೆಸರನ್ನೇ ಹೊತ್ತ ಸಮುದಾಯ. ಆ ಸಮುದಾಯಕ್ಕೆ ವಾಲ್ಮೀಕಿ ಎಂದರೆ ಬರೀ ಕವಿಯಲ್ಲ, ಭಗವಾನ್. (ನಮ್ಮ ಕರ್ನಾಟಕದಲ್ಲಿ ಮಹರ್ಷಿಯನ್ನು ಮೂಲಪುರುಷನೆನ್ನುವ ನಾಯಕ ಸಮುದಾಯ ಬೇರೆ, ಇವರು ಬೇರೆ. ಆದಿಕವಿ ಒಬ್ಬನೇ.) ಅಮೃತಸರದ ಹತ್ತಿರ ರಾಮತೀರ್ಥ ಎಂಬ ಜಾಗವಿದೆ. ವಾಲ್ಮೀಕಿಯ ಆಶ್ರಮ ಅಲ್ಲೇ ಇತ್ತು, ಸೀತಮ್ಮ ಅಲ್ಲೇ ಹೆತ್ತಳು, ಲವಕುಶರು ಅಲ್ಲೇ ಆಡಿದರು ಎಂದು ಅವರ ನಂಬಿಕೆ. ಹಾಗಾದರೆ ಪಟ್ಟಾಭಿಷೇಕಕ್ಕೆ ಕಥೆ ನಿಲ್ಲಿಸಿದರೆ ಏನಾಗುತ್ತದೆ? ಮಿಥಿಲೆ ಬಂತು, ಪಂಚವಟಿ ಬಂತು, ಲಂಕೆಯೂ ಬಂತು. ಅವರ ಊರು ಬರಲಿಲ್ಲ. ಕಾಡು ಪಾಲಾದ ಗರ್ಭಿಣಿಗೆ ಅವರ ಭಗವಂತ ಬಾಗಿಲು ತೆರೆದದ್ದು ಬರಲಿಲ್ಲ. ನಿನ್ನ ಮಕ್ಕಳಿಗೆ ಅಕ್ಷರ ಕಲಿಸಿದ್ದು, ಬಿಲ್ಲು ಹಿಡಿಸಿದ್ದು, ನಿನ್ನ ಕಥೆಯನ್ನು ನಿನ್ನ ಸಭೆಯಲ್ಲೇ ಅವರಿಂದ ಹಾಡಿಸಿದ್ದು, ಯಾವುದೂ ಬರಲಿಲ್ಲ. ಊರೆಲ್ಲ ಹೊರಗಿಟ್ಟವರಿಗೆ ಆ ಒಂದು ಕಾಂಡದಲ್ಲಿ ಜಗಲಿಯ ಮೇಲೆ ಜಾಗವಿತ್ತು. ಅದನ್ನೇ ಬಿಟ್ಟು ಮಂಗಳ ಹಾಡುವುದನ್ನು ಅವರು ಹೇಗೆ ಒಪ್ಪಿಯಾರು?

ಮೆಚ್ಚಿದ ಧಾರಾವಾಹಿ ಮುಗಿದಾಗ ಜನ ಬಗೆಬಗೆಯಾಗಿ ನಡೆದುಕೊಳ್ಳುತ್ತಾರೆ. ಅಳುತ್ತಾರೆ. ಬರೆದವರನ್ನು ಬೈಯುತ್ತಾರೆ. ಕೊನೆ ಸರಿಯಿಲ್ಲ, ಹೀಗಿರಬೇಕಿತ್ತು ಎಂದು ದಿನಗಟ್ಟಲೆ ವಾದಿಸುತ್ತಾರೆ. ಹೆಚ್ಚಿನವರು ಕೇಳುವುದು ಇನ್ನಷ್ಟು ಸುಖವನ್ನು. ಇವರು ಕೇಳಿದ್ದು ದುಃಖದ ಭಾಗವನ್ನು. ನಿನ್ನ ಕಥೆಯನ್ನು ಇವರಷ್ಟು ಪ್ರೀತಿಸಿದವರನ್ನು ನಾನು ಬೇರೆ ಕಾಣೆ.

ಕೊನೆಗೆ ಅವರ ಮಾತು ನಡೆಯಿತು. ಸರ್ಕಾರ ಮಣಿಯಿತು. ‘ಉತ್ತರ ರಾಮಾಯಣ’ ತಯಾರಾಯಿತು, ಪ್ರಸಾರವಾಯಿತು. ಆಶ್ರಮ ಬಂತು, ಮಹರ್ಷಿ ಬಂದ, ಇಬ್ಬರು ಹುಡುಗರು ಅಶ್ವಮೇಧದ ಕುದುರೆ ಕಟ್ಟಿದರು. ನಿನಗೆ ಇದರ ಋಣ ಹೇಗೆ ಹೇಳಲಿ. ಬಡವರ ಕೋರಿಕೆ ಈಡೇರುವುದು ಅಪರೂಪ. ಈ ಒಂದನ್ನಾದರೂ ನಡೆಸಿಕೊಟ್ಟೆ.

ಒಂದು ಮಾತು ಒಳಗೇ ಉಳಿದಿದೆ, ಹೇಳಿಬಿಡುತ್ತೇನೆ. ಆ ಧಾರಾವಾಹಿಯಲ್ಲಿ ಸೀತಮ್ಮ ತಾನೇ ಕಾಡಿಗೆ ಹೊರಡುವೆನೆಂದು ನಿಂತಂತೆ ತೋರಿಸಿದರು. ನಿನ್ನ ಮೇಲೆ ಮಾತು ಬರಬಾರದೆಂಬ ಪ್ರೀತಿ ಅದು. ಆದರೆ ನನ್ನ ಮನಸ್ಸು ನಮ್ಮ ದೇವನೂರಿನ ಲಕ್ಷ್ಮೀಶನ ಕಡೆಗಿದೆ. ‘ಜೈಮಿನಿ ಭಾರತ’ದಲ್ಲಿ ಅವನು ನಿನ್ನನ್ನು ಹಾಗೆ ಬಚಾವು ಮಾಡಲಿಲ್ಲ. ಲಕ್ಷ್ಮಣ ಅವಳನ್ನು ಕಾಡಿನಲ್ಲಿ ಬಿಟ್ಟು ಹೊರಟಾಗ ಸುತ್ತಲಿನ ಮೃಗ, ಪಕ್ಷಿಗಳೆಲ್ಲ ಮರುಗುವಂತೆ ಬರೆದ. ನಮ್ಮ ಹಳ್ಳಿಗಳಲ್ಲಿ ಗಮಕಿಗಳು ಆ ಭಾಗ ವಾಚಿಸುವಾಗ ಕೇಳುವವರ ಗಂಟಲು ಕಟ್ಟುತ್ತಿತ್ತು. ಯಕ್ಷಗಾನದಲ್ಲಿ ಕುಶಲವರ ಕಾಳಗವನ್ನು ಬೆಳಗಿನ ಜಾವದವರೆಗೂ ನೋಡಿದವರು, ನಿನ್ನ ಸೇನೆ ಸೋತಾಗ ಚಪ್ಪಾಳೆ ತಟ್ಟಿದರು. ಹಾಗೆ ತಟ್ಟಿದವರೇ ಮಾರನೆಯ ದಿನ ಮಿಂದು ನಿನಗೆ ತುಳಸಿ ಏರಿಸಿದರು. ಭಕ್ತಿಗೂ ನೋವಿನ ಪ್ರಶ್ನೆಗೂ ನಮ್ಮಲ್ಲಿ ಜಗಳವಿರಲಿಲ್ಲ. ನಿನಗೂ ಇರಲಿಲ್ಲ, ಅಲ್ಲವೇ? ಸಭೆಯಲ್ಲಿ ಕೂತು, ಇಬ್ಬರು ಹುಡುಗರ ಬಾಯಿಂದ ನಿನ್ನ ಕಥೆಯನ್ನು ಪೂರ್ತಿ ಕೇಳಿಸಿಕೊಂಡವನು ನೀನು. ನಿಲ್ಲಿಸಿ ಎನ್ನಲಿಲ್ಲ. ಆ ತಾಳ್ಮೆಯಲ್ಲಿ ಒಂದು ಹಿಡಿ ನನಗೂ ಕೊಡು.

2020 ಬಂತು. ಲೋಕವೆಲ್ಲ ಬಾಗಿಲು ಹಾಕಿಕೊಂಡ ವರ್ಷ. ಮಾರ್ಚ್ 28ರಿಂದ ದೂರದರ್ಶನ ಮತ್ತೆ ನಿನ್ನನ್ನು ಮನೆಗೆ ಕರೆತಂದಿತು. ಏಪ್ರಿಲ್ 16ರ ಒಂದೇ ದಿನ 7.7 ಕೋಟಿ ಜನ ನೋಡಿದರೆಂದು ದೂರದರ್ಶನ ಹೇಳಿತು. ಹೆದರಿಕೆಯ ಆ ದಿನಗಳಲ್ಲಿ ಗೊತ್ತಿರುವ ಕಥೆಯೊಂದು ದಿನಾ ಹೊತ್ತಿಗೆ ಸರಿಯಾಗಿ ಬರುವುದು ಎಷ್ಟು ದೊಡ್ಡ ಆಸರೆ ಎಂದು ಆಗ ಕಂಡೆ. ಅಜ್ಜಿಯಂದಿರು ಹೋಗಿಬಿಟ್ಟಿದ್ದರು, ಮೊಮ್ಮಕ್ಕಳು ನೋಡಿದರು. ಈ ಸಲ ಉತ್ತರ ರಾಮಾಯಣಕ್ಕಾಗಿ ಯಾರೂ ಹೋರಾಡಬೇಕಾಗಲಿಲ್ಲ. ಮೊದಲ ಭಾಗ ಮುಗಿದ ಕೂಡಲೇ ಅದೂ ಬಂತು.

ಆದರೆ ನಾವು ಒಳಗೆ ಕೂತು ಅದನ್ನು ನೋಡುವಾಗ ಬೀದಿಯಲ್ಲಿ ಯಾರಿದ್ದರು? ನೀನು ನೋಡಿರುತ್ತೀಯ. ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ, ಮೈಸೂರಿನಲ್ಲಿ ಪೌರಕಾರ್ಮಿಕರು ಎಂದಿನಂತೆ ನಸುಕಿಗೇ ಬಂದು ಗುಡಿಸಿದರು. ಸೋಂಕಿನ ಮನೆಗಳ ಮುಂದಿನ ಕಸವನ್ನೂ ಎತ್ತಿದರು. ಎಲ್ಲರೂ ಒಳಗಿರಿ ಎಂದ ಆಜ್ಞೆ ಅವರಿಗೆ ಅನ್ವಯಿಸಲಿಲ್ಲ. ಉತ್ತರಕಾಂಡವನ್ನು ನಮ್ಮ ಮನೆಗೆ ತಂದುಕೊಟ್ಟವರ ಕೆಲಸವನ್ನೇ ಮಾಡುವವರು ಅದು ಪ್ರಸಾರವಾಗುವಾಗ ಹೊರಗಿದ್ದರು. ನನ್ನ ಕೈಯಲ್ಲಿ ಅವರಿಗೆ ಕೊಡಲು ಒಂದು ಲೋಟ ನೀರಿತ್ತು, ಒಂದು ನಮಸ್ಕಾರವಿತ್ತು. ಅಷ್ಟೇ. ಎಷ್ಟು ಚಿಕ್ಕವಳು ನಾನು.

ಎರಡು ವರ್ಷ ಕಳೆದು, 2022ರ ಜುಲೈನಲ್ಲಿ, ನಮ್ಮ ರಾಜ್ಯದ ಪೌರಕಾರ್ಮಿಕರೂ ಪೊರಕೆ ಕೆಳಗಿಟ್ಟು ಕೂತರು. ಕೆಲಸ ಕಾಯಂ ಮಾಡಿ ಎಂದು ಕೇಳಿದರು. ಅದು ಅವರ ಹೊಟ್ಟೆಯ ಮಾತು, ನ್ಯಾಯದ ಮಾತು. ಅವರನ್ನು ಕಂಡಾಗಲೆಲ್ಲ ನನಗೆ ಜಲಂಧರ್‌ನವರ ನೆನಪಾಗುತ್ತದೆ. ತಮಗಾಗಿ ಕೇಳಲು ನೂರು ಇದ್ದವರು, ಒಮ್ಮೆ ಸೀತಮ್ಮನಿಗಾಗಿ ಕೇಳಿದ್ದರು. ಅವರ ಹೆಸರುಗಳು ನನಗೆ ಗೊತ್ತಿಲ್ಲ. ನಿನ್ನ ಬಳಿ ಇರುತ್ತವೆ. ಅವರಲ್ಲಿ ಬದುಕಿರುವವರ ಮೈ ಗಟ್ಟಿಯಾಗಿರಲಿ. ತೀರಿಕೊಂಡವರನ್ನು ನಿನ್ನ ಸಭೆಯಲ್ಲಿ, ಮಹರ್ಷಿಯ ಪಕ್ಕದಲ್ಲೇ, ಕೂರಿಸಿಕೋ.

ಇನ್ನೊಂದೇ ಬೇಡಿಕೆ, ತಂದೆ, ಆಮೇಲೆ ಸುಮ್ಮನಾಗುತ್ತೇನೆ. ಮಲ ಹೊರುವ ಪದ್ಧತಿಯನ್ನು ಈ ದೇಶ 1993ರಲ್ಲಿ ಕಾನೂನು ಮಾಡಿ ನಿಷೇಧಿಸಿತು. ಸಾಲದೆಂದು 2013ರಲ್ಲಿ ಇನ್ನೂ ಬಿಗಿಯಾದ ಕಾನೂನು ತಂದಿತು. ಆದರೂ ಮ್ಯಾನ್‌ಹೋಲಿಗೆ, ಮಲಗುಂಡಿಗೆ ಇಳಿದ ಮನುಷ್ಯರು ಉಸಿರುಕಟ್ಟಿ ಸತ್ತ ಸುದ್ದಿ ಇಂದಿಗೂ ಬರುತ್ತದೆ. ನಿನ್ನ ಕಥೆ ಅರ್ಧಕ್ಕೆ ನಿಲ್ಲದಂತೆ ನೋಡಿಕೊಂಡ ಜನ ಅವರು. ಅವರ ಮಕ್ಕಳ ಆಯುಷ್ಯ ಅರ್ಧಕ್ಕೆ ನಿಲ್ಲದಂತೆ ನೀನು ನೋಡಿಕೋ. ಇಳಿಸುವವರ ಕೈ ತಡೆ. ಬಾಗಿಲ ಬಳಿ ನಿಂತು ನೋಡುತ್ತಿರುವ ನಮ್ಮ ಬಾಯಿ ತೆರೆಸು.