ಬುನಾದಿಯ ಕಲ್ಲು



2025ರ ಮಾರ್ಚ್ 2ರಂದು ನಾವು ರಮಝಾನಿನ ಮೊದಲ ಉಪವಾಸ ಹಿಡಿದೆವು. ಮಾರ್ಚ್ 5ರಂದು ಕ್ರೈಸ್ತರ ಬೂದಿ ಬುಧವಾರ. ಅಂದಿನಿಂದ ಈಸ್ಟರ್‌ವರೆಗೆ ಅವರಿಗೆ ಪಶ್ಚಾತ್ತಾಪದ ಕಾಲ. ಮಸೀದಿಯೂ ಮೆಥಡಿಸ್ಟ್ ಚರ್ಚೂ ಇರುವ ಯಾದಗಿರಿಯಲ್ಲಿ ಎರಡು ಸಮುದಾಯಗಳು ಒಂದೇ ತಿಂಗಳಲ್ಲಿ ದೇವನ ಕ್ಷಮೆ ಬೇಡಿದವು. ಉಪವಾಸವು ಹಿಂದಿನವರಿಗೂ ವಿಧಿಸಲ್ಪಟ್ಟಿತ್ತೆಂದು ಪವಿತ್ರ ಕುರ್‌ಆನ್ (2:183) ನಮಗೆ ತಿಳಿಸಿಯೇ ಇದೆ.

ಪ್ರವಾದಿ ಯೂನುಸ್(ಅ)ರ ಕಥೆ ಇಬ್ಬರಿಗೂ ಗೊತ್ತು. ನಿನೆವೆಯ ಜನ ಪಶ್ಚಾತ್ತಾಪಪಟ್ಟರು, ಶಿಕ್ಷೆ ಸರಿದುಹೋಯಿತು (10:98). ಅಲ್ಲಾಹನು ಹಲೀಮ್, ಸಹನಶೀಲನು. ಮನುಷ್ಯರ ಗಳಿಕೆಗಾಗಿ ಕೂಡಲೇ ಹಿಡಿದರೆ ಭೂಮಿಯ ಮೇಲೆ ಒಂದು ಜೀವಿಯೂ ಉಳಿಯದು. ಆದರೆ ಆತನು ಒಂದು ನಿಶ್ಚಿತ ಅವಧಿಯವರೆಗೆ ಕಾಲಾವಕಾಶ ಕೊಡುತ್ತಾನೆ (35:45).

ಈ ಅವಕಾಶ ಯಾತಕ್ಕಾಗಿ? "ಇಷ್ಟು ವರ್ಷ ಏನೂ ಆಗಲಿಲ್ಲವಲ್ಲ" ಎಂದು ನೆಮ್ಮದಿಯಾಗಿರಲಿಕ್ಕೇ? ನಿನೆವೆಯವರ ತೌಬಾದ ಬಗ್ಗೆ ಇಬ್ನು ಮಸ್‌ಊದ್(ರ)ರಿಂದ ಬಂದ ವಿವರಣೆಯೊಂದು ತಫ್ಸೀರ್‌ಗಳಲ್ಲಿದೆ. ಅವರು ಅತ್ತು ಸುಮ್ಮನಾಗಲಿಲ್ಲ; ಪರರ ಹಕ್ಕುಗಳನ್ನು ಹಿಂದಿರುಗಿಸಿದರು. ಬೇರೆಯವರ ಕಲ್ಲಿನ ಮೇಲೆ ಮನೆ ಕಟ್ಟಿದ್ದವನು ಬುನಾದಿಯಿಂದ ಆ ಕಲ್ಲನ್ನೇ ಕಿತ್ತು ಒಡೆಯನಿಗೆ ಒಪ್ಪಿಸಿದನು.

ನಮ್ಮ ಬುನಾದಿಯಲ್ಲಿ ಯಾರ ಕಲ್ಲಿದೆ? ಕೃಷ್ಣೆಯ ಕಾಲುವೆ ನೀರು ಬಂದ ಮೇಲೆ ಶಹಾಪುರ, ಸುರಪುರದ ಕಡೆ ಒಣ ಹೊಲಗಳು ಭತ್ತದ ಗದ್ದೆಗಳಾದವು, ಬೆಲೆಯೂ ಏರಿತು. ಆ ಹೊಲದಲ್ಲಿ ಅಕ್ಕತಂಗಿಯರಿಗೆ ಅಲ್ಲಾಹನೇ ನಿಗದಿಪಡಿಸಿದ ಪಾಲಿದೆ (4:11). ಎಷ್ಟು ಮನೆಗಳಲ್ಲಿ ಅದು ಅವರ ಕೈ ಸೇರಿದೆ? "ಅಕ್ಕ ಕೇಳಲೇ ಇಲ್ಲ" ಎನ್ನುತ್ತೇವೆ. ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಸುಮ್ಮನಿರುವುದು ಬಿಟ್ಟುಕೊಟ್ಟಂತಲ್ಲ. ಹಬ್ಬಕ್ಕೊಂದು ಸೀರೆ ಕೊಟ್ಟರೆ ಹೊಲದ ಲೆಕ್ಕ ತೀರುವುದೂ ಇಲ್ಲ.

ಪಾಪವನ್ನು ಬಿಡುವುದು, ಮರುಗುವುದು, ಮತ್ತೆ ಮಾಡೆನೆಂದು ನಿಶ್ಚಯಿಸುವುದು, ಇವು ತೌಬಾದ ಮೂರು ಷರತ್ತುಗಳು. ಮನುಷ್ಯರ ಹಕ್ಕಿನ ವಿಷಯವಾದರೆ ನಾಲ್ಕನೆಯದೂ ಇದೆಯೆಂದು ಇಮಾಮ್ ನವವಿ(ರ) ಬರೆದಿದ್ದಾರೆ: ಹಕ್ಕನ್ನು ಹಿಂದಿರುಗಿಸುವುದು, ಇಲ್ಲವೇ ಹಕ್ಕುದಾರರಿಂದ ಮಾಫಿ ಪಡೆಯುವುದು. ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಬಂದರೂ ಪರರ ಹಕ್ಕು ಕಬಳಿಸಿದವನ ಪುಣ್ಯವೆಲ್ಲ ಅಂದು ಹಕ್ಕುದಾರರಿಗೆ ಹಂಚಿಹೋಗುವುದು. ಅವನೇ ನಿಜವಾದ ದಿವಾಳಿ ಎಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ.

ಅಲ್ಲಾಹನ ಸಹನೆ ಅನುಮತಿಯಲ್ಲ, ಗಡುವು. ಆ ಗಡುವಿನ ಕೊನೆಯ ದಿನ ಯಾವುದೆಂದು ನಮಗೆ ಹೇಳಿಲ್ಲ. ಸಾವು ಎದುರಿಗೆ ನಿಂತಾಗ ಮಾಡುವ ತೌಬಾ ಫಲಿಸದು (4:18). ಆದ್ದರಿಂದ ಇಂದೇ ಪಹಣಿ ತೆಗೆದು ನೋಡಿರಿ, ಅಕ್ಕತಂಗಿಯರನ್ನು ಕರೆಸಿ ಲೆಕ್ಕ ಒಪ್ಪಿಸಿರಿ. ಬುನಾದಿಯ ಕಲ್ಲು ಕೀಳುವ ಧೈರ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.